ಚಿನ್ನಮ್ಮ ಬಾಯಿಬಿಟ್ಟು ಕೇಳಿದ ಮಾತು

ಚಿನ್ನಮ್ಮನಿಗೆ ಸಿಟ್ಟು ಬಂದರೆ ನೂಲು ಹರಿಯುತ್ತದೆ. ಬದನವಾಳಿನ ಖಾದಿ ಕೇಂದ್ರದಲ್ಲಿ ಹದಿನೆಂಟು ವರ್ಷದಿಂದ ಅವಳ ಪಕ್ಕದಲ್ಲೇ ಕೂತು ನೂಲುವ ನನಗೆ ಇದು ಚೆನ್ನಾಗಿ ಗೊತ್ತು. ಹೋದ ವರ್ಷ ಆಷಾಢದಲ್ಲಿ ಒಂದು ದಿನ ಅವಳ ನೂಲು ಎಳೆದಷ್ಟೂ ಹರಿಯಿತು. ಸಿಟ್ಟು ಯಾರ ಮೇಲೆ ಅಂದರೆ, ತನ್ನ ಮೇಲೇ ಅಂದಳು.

ಗಂಡ ತೀರಿಕೊಂಡ ಮೇಲೆ ಚಿನ್ನಮ್ಮ ತಮ್ಮ ಶಿವಸ್ವಾಮಿಯ ಮನೆಯಲ್ಲಿದ್ದಾಳೆ. ಅವನ ಒಬ್ಬಳೇ ಮಗಳು ಶಾಲಿನಿ ನಂಜನಗೂಡಿನಲ್ಲಿ ಎರಡನೇ ಪಿಯುಸಿ. ಆ ಹುಡುಗಿ ಊಟ ಬಿಟ್ಟಳು, ಕಾಲೇಜು ಬಿಟ್ಟಳು, ಹಗಲೆಲ್ಲ ಗೋಡೆಗೆ ಮುಖ ಮಾಡಿ ಮಲಗತೊಡಗಿದಳು. ಚಿನ್ನಮ್ಮ ಅವಳ ತಲೆ ಬಾಚುತ್ತಿದ್ದಾಗ ಒಮ್ಮೆ, "ನಾನು ಇಲ್ದೆ ಇದ್ರೇ ಎಲ್ರಿಗೂ ಒಳ್ಳೇದು ಅತ್ತೆ" ಅಂದಳು.

"ಥೂ, ಬಿಡ್ತು ಅನ್ನು! ಮೊದ್ಲು ಬಿಡ್ತು ಅನ್ನು!"

ಹುಡುಗಿ "ಬಿಡ್ತು" ಅಂದಳು. ಮಾತು ಅಲ್ಲಿಗೇ ನಿಂತಿತು.

ಕೆಟ್ಟ ಮಾತು ಬಾಯಿಗೆ ಬಂದರೆ ಹಾಗೆ ಅನ್ನಿಸುವುದು ನಮ್ಮ ರೂಢಿ. ಅಂದುಬಿಟ್ಟರೆ ದೋಷ ಕಳೆಯಿತು ಅಂತ ನಂಬಿಕೆ. ತಾಯಿ ರಾಣಿಯೂ ಅನ್ನಿಸಿದಳು, ಶಿವಸ್ವಾಮಿಯೂ ಅನ್ನಿಸಿದ. ನನ್ನೆದುರು ಅವಳು ಅಂಥದ್ದೇ ಮಾತಾಡಿದಾಗ ನಾನೂ ಅದನ್ನೇ ಮಾಡಿದೆ, ನೆನೆದರೆ ನಾಚಿಕೆಯಾಗುತ್ತದೆ. ಆಮೇಲೆ ಶಾಲಿನಿ ಯಾರಿಗೂ ಏನೂ ಹೇಳಲಿಲ್ಲ. ಸದ್ಯ, ಸರಿಹೋದಳು ಅಂದುಕೊಂಡೆವು. ನಮ್ಮ ಬುದ್ಧಿಗಿಷ್ಟು!

ಅವಳು ತನ್ನ ಬೆಳ್ಳಿ ಗೆಜ್ಜೆ, ಹೊಸ ಚೂಡಿದಾರ್ ಎರಡನ್ನೂ ಪಕ್ಕದ ಮನೆಯ ಹುಡುಗಿಗೆ "ಇಟ್ಕೋ, ನಂಗೆ ಬೇಡ" ಅಂತ ಕೊಟ್ಟಿದ್ದು ತಿಳಿದ ದಿನವೇ ಚಿನ್ನಮ್ಮನ ನೂಲು ಹರಿದದ್ದು. ಹುಡುಗಿ ಹೇಳಿಕೊಳ್ಳಲು ಬಂದಾಗ ಬಿಡ್ತು ಅನ್ನಿಸಿ ಬಾಯಿ ಮುಚ್ಚಿಸಿದೆನಲ್ಲ ಅಂತ ಅವಳ ಸಿಟ್ಟು. ಆಸ್ಪತ್ರೆಯ ಗೋಡೆಯ ಮೇಲೆ ನೋಡಿ ನಾನು ಬರೆದಿಟ್ಟುಕೊಂಡಿದ್ದ ಒಂದು ನಂಬರಿತ್ತು: ಮನಸ್ಸಿನ ಕಷ್ಟ ಹೇಳಿಕೊಳ್ಳಲು ಸರ್ಕಾರದವರು ಇಟ್ಟಿರುವ ಟೆಲಿ ಮಾನಸ್, 14416. ಕೇಂದ್ರದ ಹಿಂದೆ ನಿಂತು ಫೋನ್ ಹಚ್ಚಿದೆವು. ಆ ಕಡೆಯಿಂದ ಒಬ್ಬ ಹೆಂಗಸು ಕನ್ನಡದಲ್ಲೇ ಸಮಾಧಾನವಾಗಿ ಮಾತಾಡಿದಳು. "ಸಾಯಬೇಕು ಅನ್ನಿಸ್ತಿದೆಯಾ ಅಂತ ನೇರವಾಗಿ ಕೇಳಿ ಅಮ್ಮ. ಕೇಳಿದ್ದರಿಂದ ಆ ಯೋಚನೆ ಹೊಸದಾಗಿ ಹುಟ್ಟಲ್ಲ. ಅವಳನ್ನ ಒಬ್ಬಳೇ ಬಿಡಬೇಡಿ. ಬೇಗ ಡಾಕ್ಟರಿಗೆ ತೋರಿಸಿ."

ಚಿನ್ನಮ್ಮ ನೆಟ್ಟಗೆ ಮನೆಗೆ ಹೋಗಿ ಹುಡುಗಿಯ ಪಕ್ಕ ಕೂತಳು. ನಾನು ಬಾಗಿಲಲ್ಲೇ ನಿಂತೆ.

"ನಿಂಗೆ ಸಾಯ್ಬೇಕು ಅನ್ನಿಸ್ತಾ ಅದಾ ಕೂಸೇ?"

ಶಾಲಿನಿ ಗೋಡೆಯ ಕಡೆಯಿಂದ ಇತ್ತ ತಿರುಗಿ "ಹೂಂ" ಅಂದಳು. ಚಿನ್ನಮ್ಮ ಈ ಸಲ "ಬಿಡ್ತು" ಅನ್ನಿಸಲಿಲ್ಲ. "ಯಾವಾಗ್ಲಿಂದ? ಯೋಳು, ನಾ ಬಯ್ಯಕಿಲ್ಲ" ಅಂದಳು. ಹುಡುಗಿ ಅಳುತ್ತಾ ಒಂದು ಗಂಟೆ ಮಾತಾಡಿದಳು.

ಸಂಜೆ ಶಿವಸ್ವಾಮಿ ಹೌಹಾರಿದ. "ಉಚ್ಚರ ಡಾಕ್ಟ್ರತ್ರ ಕರ್ಕಂಡೋದ್ರೆ ನಾಳೆ ಇವಳ್ನ ಯಾರು ಮದ್ವೆ ಆಯ್ತಾರೆ ಅಕ್ಕಾ? ನಂಜುಂಡಪ್ಪಂಗೆ ಅರಕೆ ಕಟ್ಕಳವ."

"ಮದ್ವೆ ಆಗಕೆ ಎಣ್ಣು ಬದುಕಿರ್ಬೇಕಲ್ಲ ಕಣ್ಲಾ! ಆ ನಂಜುಂಡಪ್ಪನ್ನೇ ಅಕೀಮ ಅಂತಾರೆ, ಅವ್ನೂ ಒಬ್ಬ ಡಾಕ್ಟ್ರೇ. ಅವ್ನು ಡಾಕ್ಟ್ರ ಮ್ಯಾಲೆ ಮುನ್ಸ್ಕತಾನಾ? ಅರಕೆ ನೀ ಕಟ್ಕ. ನಾ ಕರ್ಕಂಡ್ ಓಯ್ತೀನಿ."

ಹೊಲಕ್ಕೆ ಹೊಡೆಯುವ ಔಷಧಿಯನ್ನೆಲ್ಲ ತಂದು ನಮ್ಮ ಮನೆಯ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿಸಿದಳು. ಬೆಳಿಗ್ಗೆ ಮೊದಲ ರೈಲಿಗೆ ಮೈಸೂರಿನ ದೊಡ್ಡಾಸ್ಪತ್ರೆ. ಗೊಣಗುತ್ತಲೇ ಶಿವಸ್ವಾಮಿಯೂ ರಾಣಿಯೂ ಹಿಂದೆ ಹೋದರು. ಡಾಕ್ಟರು ಶಾಲಿನಿಯನ್ನು ಒಂಬತ್ತು ದಿನ ಇಟ್ಟುಕೊಂಡರು, ಅಪ್ಪ ಅಮ್ಮನನ್ನೂ ಕೂರಿಸಿಕೊಂಡು ಮಾತಾಡಿದರು. ಬುದ್ಧಿ ಹೇಳುವುದನ್ನು ಬಿಟ್ಟು ಮಗಳ ಮಾತು ಕೇಳುವುದನ್ನು ಶಿವಸ್ವಾಮಿ ಅಲ್ಲೇ ಕಲಿತದ್ದು. ಊರಿನವರು ಆಡಿಕೊಂಡರು. ಊರ ಬಾಯಿಗೆ ಬೀಗ ಹಾಕಲಾದೀತೇ? ಚಿನ್ನಮ್ಮ ತಲೆ ಕೆಡಿಸಿಕೊಳ್ಳಲಿಲ್ಲ, ಮಾತ್ರೆ ತಪ್ಪಿಸಲಿಲ್ಲ, ತೋರಿಸುವ ದಿನ ಒಂದನ್ನೂ ಬಿಡಲಿಲ್ಲ. ದಸರಾ ಕಳೆದ ಮೇಲೆ ಹುಡುಗಿ ಮತ್ತೆ ಕಾಲೇಜಿಗೆ ಹೊರಟಳು.

ಎಲ್ಲ ಸುಖವಾಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಈ ಮಾಘದಲ್ಲಿ ಒಂದು ಮಧ್ಯಾಹ್ನ ನಾವು ಊಟಕ್ಕೆ ಕೂತಿದ್ದಾಗ ಚಿನ್ನಮ್ಮನ ಫೋನ್ ಬಡಿದುಕೊಂಡಿತು. ಕಾಲೇಜಿನಿಂದ ಶಾಲಿನಿ. ಅವಳ ದನಿ ನನಗೂ ಕೇಳಿಸುತ್ತಿತ್ತು.

"ಅತ್ತೆ, ಇವತ್ತು ಮತ್ತೆ ಹಂಗೇ ಅನ್ನಿಸ್ತಾ ಅದೆ. ಸಾಯ್ಬೇಕು ಅಂತ. ಬರ್ತೀಯಾ?"

"ಬತ್ತೀನಿ ಕೂಸೇ. ಮೇಷ್ಟ್ರಮ್ಮನ ಪಕ್ಕ ಓಗಿ ಕುಂತ್ಕ. ಫೋನ್ ಮಾತ್ರ ಇಡ್ಬೇಡ."

ಕೈಯನ್ನೂ ತೊಳೆಯದೆ ಎದ್ದಳು. ರಸ್ತೆಗೆ ಓಡಿ ನಾನು ಆಟೋ ನಿಲ್ಲಿಸಿದೆ. ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಫೋನನ್ನು ಎದೆಗೊತ್ತಿಕೊಂಡು ನನ್ನ ಕಡೆ ತಿರುಗಿದಳು.

"ಯೋಳವ್ಳೆ ಕಣಮ್ಮಿ! ನಾ ಕೇಳ್ನಿಲ್ಲ, ಅವಳಾಗವಳೇ ಯೋಳವ್ಳೆ!"