ಎರಡೂ ಪಕ್ಷದಲ್ಲಿ ಸೋತ ವಾದ

ಕರಪತ್ರದ ಕೊನೆಯಲ್ಲಿ ‘ಮಿರ್ಚಿ ಭಜಿಯ ವ್ಯವಸ್ಥೆ ಇದೆ’ ಎಂದು ಒಂದು ಸಾಲು ಮುದ್ರಿಸಿದರೆ ಸಾಕು, ನಮ್ಮ ಬೈಲಹೊಂಗಲದಲ್ಲಿ ಎಂಥ ಗಹನ ವಿಷಯಕ್ಕೂ ಸಭಾಂಗಣ ತುಂಬುತ್ತದೆ. ಅಧ್ಯಾತ್ಮವಾದರೂ ಸರಿ, ಮಧುಮೇಹವಾದರೂ ಸರಿ; ಎರಡನೆಯದರಲ್ಲಿ ಭಜಿಯ ಜೊತೆಗೆ ಜಿಲೇಬಿಯನ್ನೂ ಹಂಚಿದ್ದನ್ನು ನಾನು ಕಣ್ಣಾರೆ ಕಂಡು ಬಾಯಾರೆ ತಿಂದಿದ್ದೇನೆ. ಆದ್ದರಿಂದ ಕಳೆದ ಚಳಿಗಾಲದಲ್ಲಿ ನಮ್ಮ ನಿವೃತ್ತರ ಬಳಗದವರು ‘ಹವಾಮಾನ ಕೆಡಲು ಮನುಷ್ಯನೇ ಕಾರಣ’ ಎಂಬ ಚರ್ಚಾಕೂಟ ಏರ್ಪಡಿಸಿದಾಗ ಜನ ಬಾಗಿಲಾಚೆಗೂ ನಿಂತಿದ್ದರೆ, ಅದರ ಶ್ರೇಯಸ್ಸಿನಲ್ಲಿ ಭೂಮಾತೆಯ ಪಾಲೆಷ್ಟು, ಕಡಲೆಹಿಟ್ಟಿನ ಪಾಲೆಷ್ಟು ಎಂದು ಹೇಳುವ ಧೈರ್ಯ ನನಗಿಲ್ಲ.

ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತನಾದ ನಾನು, ಸತ್ತ ರಾಜರನ್ನು ಬಿಟ್ಟು ಬಳಲುತ್ತಿರುವ ಭೂಮಿಯ ಬೆನ್ನು ಹತ್ತಿ ಕೆಲವು ವರ್ಷಗಳಾದವು. ಹಾಗಾಗಿ ‘ಮನುಷ್ಯನೇ ಕಾರಣ’ ಎಂದು ವಾದಿಸುವ ಭಾರ ಸಹಜವಾಗಿ ನನ್ನ ಹೆಗಲಿಗೆ ಬಂತು. ‘ಮನುಷ್ಯನದೇನೂ ತಪ್ಪಿಲ್ಲ’ ಎಂದು ವಾದಿಸಬೇಕಿದ್ದ ಮಿತ್ರರೋ, ಅಕಾಲದಲ್ಲಿ ಸುರಿದ ಮಳೆಗೆ ಸಿಕ್ಕಿ ಜ್ವರ ಹಿಡಿದು ಮಲಗಿಬಿಟ್ಟರು. ಆಪದ್ಧರ್ಮವೆಂದು ಬಳಗದವರು ನನ್ನ ಹೆಂಡತಿ ಸುವರ್ಣಾಳ ಮೊರೆಹೊಕ್ಕರು. ಪ್ರಾಥಮಿಕ ಶಾಲೆಯಲ್ಲಿ ಬಾಳೆಲ್ಲ ಮಾಸ್ತರಿಕೆ ಮಾಡಿದ ಅವಳಿಗೆ ಮಾತು ಹೊಸದಲ್ಲ. ಆದರೆ ತಾನು ನಂಬದ ಮಾತನ್ನು ಆಡುವುದು ಹೇಗೆಂದು ಅವಳು ಹಿಂದೆಗೆದಳು. ಇದೊಂದು ಆಟವಷ್ಟೇ, ಬಾಯಿಗೆ ಬಂದದ್ದನ್ನು ಹೇಳಿ ಇಳಿದುಬಿಡು ಎಂದು ಹುರಿದುಂಬಿಸಿದವನು ನಾನೇ. ಎದುರಾಳಿ ದುರ್ಬಲಳಾಗಿರಲಿ ಎಂಬ ಒಂದು ಸಣ್ಣ ಆಸೆಯೂ ಅದರಲ್ಲಿ ಬೆರೆತಿತ್ತೆಂಬುದನ್ನು ಓದುಗರಾದ ನಿಮಗೆ ಮಾತ್ರ ಹೇಳುತ್ತಿದ್ದೇನೆ.

ನಾನು ಇಂಗಾಲದಿಂದ ಆರಂಭಿಸಿ, ಹಿಮನದಿಗಳನ್ನು ಕರಗಿಸಿ, ಹಸಿರುಮನೆ ಪರಿಣಾಮವನ್ನು ವಿಸ್ತಾರವಾಗಿ ವಿವರಿಸಿ ಕುಳಿತೆ. ಹಸಿರುಮನೆಯ ಪರಿಣಾಮವನ್ನು ಬಲ್ಲ ನಾನು ಸ್ವಂತ ಮನೆಯ ಪರಿಣಾಮವನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಸುವರ್ಣಾ ಎದ್ದಳು. ಮೋಟಾರು ಗಾಡಿಗಳೇ ಇಲ್ಲದ ಕಾಲದಲ್ಲೂ ನಮ್ಮ ಸೀಮೆಗೆ ಬರ ಬಂದಿರಲಿಲ್ಲವೇ ಎಂದು ಕೇಳಿದಳು. ಮುಗಿಲಿನ ಮುಂದೆ ಮನುಷ್ಯ ಎಷ್ಟರವನು, ಅವನೊಬ್ಬ ಏನು ಮಾಡಿದರೆ ಏನಾದೀತು ಎಂದಳು. ಕೊನೆಗೆ ಸೆರಗು ಸರಿಪಡಿಸಿಕೊಂಡು ಸಭೆಗೆ ನನ್ನತ್ತ ಕೈ ತೋರಿಸಿದಳು.

“ಮನುಷ್ಯಾನ ಕೈಲೆ ಭೂಮಿ ಕಾದೈತಿ ಅಂತಾರ ನಮ್ಮ ಮನಿಯವರು. ಇಷ್ಟು ವರ್ಷ ಸಂಸಾರ ಮಾಡೇನಿ, ಇವರ ಕೈಲೆ ಒಂದು ಕಪ್ ಚಾ ಕಾದಿದ್ದು ನಾ ನೋಡಿಲ್ಲರಿ.”

ಆಮೇಲೆ ಹಿಮನದಿಗಳನ್ನು ಕೇಳುವವರಾರು? ಭಜಿಯ ಬಾಣಲೆಯ ಬಳಿ ನಿಂತವನೂ ಚಪ್ಪಾಳೆ ತಟ್ಟಿದ. ಗೆದ್ದವಳಿಗೆ ಶಾಲು, ಸೋತವನಿಗೆ ಸಾಂತ್ವನ. ದಾಂಪತ್ಯದಲ್ಲಿ ವಾದ, ಪ್ರತಿವಾದಗಳು ಮುಗಿದ ಮೇಲೂ ಸಹವಾಸ ಉಳಿದಿರುತ್ತದಾದ್ದರಿಂದ ನಾನೂ ನಗುನಗುತ್ತ ಶಾಲನ್ನು ಹೊತ್ತು ಮನೆಗೆ ತಂದೆ.

ವಿಷಯ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಆ ದಿನ ಹಿಂದಿನ ಸಾಲಿನಲ್ಲಿ ಅವಳ ತಮ್ಮ ಮಲ್ಲಪ್ಪ ಕುಳಿತಿದ್ದ. ಯರಗಟ್ಟಿಯ ಹತ್ತಿರದ ಹಳ್ಳಿಯಲ್ಲಿ ಅವನದು ಕಬ್ಬಿನ ಹೊಲ. ಕಬ್ಬು ಕಡಿದ ಮೇಲೆ ನೆಲದ ತುಂಬ ಒಣಗಿದ ಸೋಗೆ ಉಳಿಯುತ್ತದೆ, ರವದಿ ಎನ್ನುತ್ತಾರೆ. ಅದಕ್ಕೆ ಕಡ್ಡಿ ಗೀರಿ ಬೂದಿ ಮಾಡುವುದು ಎಲ್ಲರ ರೂಢಿ: ಹೊಲ ಸ್ವಚ್ಛವಾಗುತ್ತದೆ, ಓಡಾಡಲು ಸಲೀಸಾಗುತ್ತದೆ. ಸುಡಬೇಡ, ಸಾಲುಗಳ ನಡುವೆ ಹಾಸಿಬಿಡು, ನೆಲವೂ ತಂಪಾಗಿರುತ್ತದೆ, ಹೊಗೆಯೂ ತಪ್ಪುತ್ತದೆ ಎಂದು ನಾನು ಅವನ ತಲೆ ತಿನ್ನುತ್ತಲೇ ಬಂದಿದ್ದೆ. ಈ ಸಲ ಅವನು ಹೆಚ್ಚುಕಡಿಮೆ ಒಪ್ಪಿಯೂ ಇದ್ದ. ಆದರೆ ಕಬ್ಬು ಕಡಿದು ಮುಗಿದ ದಿನ ಫೋನು ಮಾಡಿ, ನಾಳೆ ಸಂಜೆ ಬೆಂಕಿ ಹಚ್ಚುತ್ತೇನೆಂದೂ, ಅಕ್ಕನ ಭಾಷಣ ಕೇಳಿದ ಮೇಲೆ ಮನಸ್ಸಿನ ಅಳುಕು ಹೋಯಿತೆಂದೂ, ಅದನ್ನು ಊರಲ್ಲಿ ಹೇಳಿದಾಗ ಇನ್ನೂ ನಾಲ್ಕು ಮಂದಿಗೆ ಧೈರ್ಯ ಬಂದಿತೆಂದೂ ಸಂತೋಷದಿಂದ ತಿಳಿಸಿದ.

ಸುವರ್ಣಾಳ ಮುಖ ಸಪ್ಪಗಾಯಿತು. ಮರುದಿನ ಬೆಳಿಗ್ಗೆಯೇ ನಾವಿಬ್ಬರೂ ಯರಗಟ್ಟಿಯ ಬಸ್ಸು ಹತ್ತಿದೆವು. ಮಲ್ಲಪ್ಪನ ಪಕ್ಕದ ಹೊಲ ಆಗಲೇ ಸುಟ್ಟು ಕಪ್ಪಾಗಿತ್ತು. ಬದುವಿನ ಮೇಲಿದ್ದ ಬೇವಿನ ಗಿಡದ ಒಂದು ಮಗ್ಗುಲು ಕಮರಿಹೋಗಿತ್ತು. ಅವಳು ತಮ್ಮನಿಗೆ ಬುದ್ಧಿ ಹೇಳತೊಡಗಿದಳು. ಆದರೆ ಏನು ಹೇಳಿದರೂ ಅವನ ಬಳಿ ಉತ್ತರವಿತ್ತು, ಮತ್ತು ಪ್ರತಿ ಉತ್ತರವೂ ಅವಳದೇ ಆಗಿತ್ತು.

“ಅಕ್ಕಾ, ಮುಗಿಲ ಮುಂದ ಮನುಷ್ಯಾ ಎಷ್ಟರಾಂವ ಅಂತ ನೀನ ಕೇಳಿದ್ದಿಲ್ಲೇನು?”

ಅವಳ ಬಾಣವೇ ತಿರುಗಿ ಬಂದು ಅವಳನ್ನು ಚುಚ್ಚುವುದನ್ನು ಕಂಡ ನನಗೆ ಒಳಗೊಳಗೇ ಆದ ಹಿಗ್ಗನ್ನು ಹೇಗೆ ಮುಚ್ಚಿಡಲಿ? ಆದರೆ ಹಿಗ್ಗಿಗೆ ಆಯುಷ್ಯ ಕಡಿಮೆ. ಮಲ್ಲಪ್ಪ ಒಂದು ಷರತ್ತು ಹಾಕಿದ. ಅಕ್ಕ ತನ್ನ ಮಾತನ್ನು ಹಿಂದಕ್ಕೆ ಪಡೆಯುವುದಾದರೆ ಊರಿನವರ ಮುಂದೆಯೇ ಪಡೆಯಬೇಕು. ಅಷ್ಟೇ ಅಲ್ಲ, ಬೈಲಹೊಂಗಲದಲ್ಲಿ ಆದಂತೆ ಎರಡೂ ಕಡೆಯ ವಾದ ಆಗಬೇಕು. ಮಂದಿ ಕೇಳಿ ತೀರ್ಮಾನಿಸಲಿ. ಅಕ್ಕ ಈಗ ಆ ಕಡೆ ಹೋದರೆ, ಈ ಕಡೆಗೆ ಯಾರು? ಊರಿನಲ್ಲಿ ಖಾಲಿ ಕುಳಿತ ವಾಗ್ಮಿ ನಾನೊಬ್ಬನೇ ಇದ್ದೆ.

ಆ ಸಂಜೆ ಹನುಮಂತ ದೇವರ ಗುಡಿಯ ಕಟ್ಟೆಯ ಮೇಲೆ ನಾನು, ಜೀವಮಾನದಲ್ಲಿ ಮೊದಲ ಬಾರಿಗೆ, ಮನುಷ್ಯನದೇನೂ ತಪ್ಪಿಲ್ಲವೆಂದು ವಾದಿಸಲು ನಿಂತೆ. ಸೋಲಬೇಕೆಂದೇ ನಿಂತಿದ್ದೆ, ಸೋಲಿನಲ್ಲಿ ನನಗೆ ಅನುಭವವೂ ಇತ್ತು. ಆದರೆ ನಾಲ್ಕು ವಾಕ್ಯ ಆಡುವಷ್ಟರಲ್ಲಿ ಏನೋ ಆಯಿತು. ಹೊಗೆ ಉಗುಳುವ ದೊಡ್ಡ ದೊಡ್ಡ ದೇಶಗಳಿರುವಾಗ ನಮ್ಮ ಸೋಗೆಯ ಹೊಗೆ ಯಾವ ಲೆಕ್ಕ ಎಂದೆ, ತಲೆಗಳು ಆಡಿದವು. ಮೊದಲು ಅವರು ನಿಲ್ಲಿಸಲಿ, ಆಮೇಲೆ ನಾವು ನೋಡೋಣ ಎಂದೆ; ಬೀಡಿ ಸೇದುತ್ತಿದ್ದವರು ಬೀಡಿ ಕೆಳಗಿಟ್ಟು ಕೇಳತೊಡಗಿದರು. ವರ್ಷಗಟ್ಟಲೆ ಸತ್ಯವನ್ನು ಬೋಧಿಸಿದರೂ ಆಕಳಿಕೆಗಳನ್ನಷ್ಟೇ ಸಂಪಾದಿಸಿದ್ದ ನನಗೆ ಆ ತಲೆದೂಗು ಕಬ್ಬಿನ ಹಾಲಿಗಿಂತ ಸಿಹಿಯಾಗಿತ್ತು. ಗೆಲ್ಲಿಸುವ ವಾಕ್ಯ ನಾಲಗೆಯ ತುದಿಗೇ ಬಂದಿತ್ತು. ಅಷ್ಟರಲ್ಲಿ ಎದುರಿಗೆ ಕುಳಿತ ಮಲ್ಲಪ್ಪನ ಮುಖ ಕಂಡಿತು. ಎಷ್ಟು ಹಗುರವಾಗಿತ್ತು ಆ ಮುಖ! ಹೊತ್ತ ಮೂಟೆಯನ್ನು ಯಾರೋ ಇಳಿಸಿದಂತೆ. ಇಳಿಸಿದವನು ನಾನು. ವಾಕ್ಯವನ್ನು ನುಂಗಿ, ನೀರು ಕೇಳಿ, ಕುಳಿತುಬಿಟ್ಟೆ.

ಸುವರ್ಣಾ ಎದ್ದು ನಿಂತಳು. ಈ ಸಲ ನಗೆಚಾಟಿಕೆ ಇರಲಿಲ್ಲ.

“ಆವತ್ತು ನಾ ಹೇಳಿದ್ದು, ಇವತ್ತು ಇವರು ಹೇಳಿದ್ದು ಕೇಳಾಕ ಛಲೋ ಇರತೈತಿ. ಯಾಕಂದ್ರ ಅದರಾಗ ಯಾರೂ ಏನೂ ಮಾಡೂದ ಇರೂದಿಲ್ಲ.”

ನಮ್ಮದೊಂದು ಹೊಲ ಸುಡದೆ ಬಿಟ್ಟರೆ ಲೋಕ ತಂಪಾಗುತ್ತದೆಯೇ ಎಂದು ಹಿರಿಯರೊಬ್ಬರು ಕೇಳಿದರು.

“ಇಲ್ಲರಿ, ಆಗೂದಿಲ್ಲ,” ಎಂದಳು. “ಆದ್ರ ಮಂದಿ ಹೊಗಿ ನಮ್ಮ ಕೈಯಾಗ ಇಲ್ಲ. ನಮ್ಮ ಹೊಲದ ಹೊಗಿ ನಮ್ಮ ಕೈಯಾಗ ಐತಿ.”

ಯಾರೂ ಚಪ್ಪಾಳೆ ತಟ್ಟಲಿಲ್ಲ. ಸುಮ್ಮನೆ ಎದ್ದು ಮನೆಗೆ ಹೋದರು. ಆದರೂ ಸೋತವನು ನಾನೇ ಎಂದು ಮಲ್ಲಪ್ಪ ಸಾರಿದ. ಹೀಗೆ ಒಂದೇ ವಿಷಯದ ಎರಡೂ ಪಕ್ಷಗಳಲ್ಲಿ ಒಬ್ಬಳೇ ಎದುರಾಳಿಗೆ ಸೋತ ಅಪೂರ್ವ ಕೀರ್ತಿ ನನ್ನದಾಯಿತು. ಅಕ್ಕನಿಗೂ ಬೇಸರವಾಗಬಾರದು, ಊರೂ ನಗಬಾರದು ಎಂದು ಅವನು ಅರ್ಧ ಹೊಲವನ್ನು ಸುಟ್ಟು ಅರ್ಧವನ್ನು ಉಳಿಸಿದ. ಉಳಿದ ಅರ್ಧದಲ್ಲಿ ರವದಿ ಹಾಸಲು ನಾವೂ ಕೈಹಚ್ಚಿದೆವು. ಸೋಗೆಯ ಅಂಚು ಕತ್ತಿಯಂತೆ ಕೊಯ್ಯುತ್ತದೆಂಬ ಸಂಗತಿಯನ್ನು ನನ್ನ ಯಾವ ಉಪನ್ಯಾಸದಲ್ಲೂ ನಾನು ಹೇಳಿರಲಿಲ್ಲ, ಏಕೆಂದರೆ ನನಗೆ ಗೊತ್ತಿರಲಿಲ್ಲ. ಮುಂಗೈ ತುಂಬ ಗೀರು, ಮೈ ತುಂಬ ತುರಿಕೆ. ಆದರೆ ಸಂಜೆ ಬದುವಿನ ಮೇಲೆ ಕುಳಿತು, ನಾವು ಹಾಸಿದ ಒಂದಿಷ್ಟು ನೆಲವನ್ನು ನೋಡಿದಾಗ, ಯಾವ ಸಭೆಯೂ ಕೊಡದ ಒಂದು ನಿರಾಳ ನನ್ನೊಳಗೆ ಇಳಿಯಿತು.

ಬೇಸಿಗೆ ಏರಿತು. ಒಂದು ಮಧ್ಯಾಹ್ನ, ಫ್ಯಾನಿನ ಕೆಳಗೆ ನಾವಿಬ್ಬರೂ ಬೆವರುತ್ತಿದ್ದಾಗ ಮಲ್ಲಪ್ಪನ ಫೋನು ಬಂತು; ಅವಳಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದೆ.

“ಮಾಮಾರ, ರವದಿ ಹಾಸಿದ ಕಡೆ ನೆಲಾ ತಂಪೈತಿ, ನೀರೂ ತಡಾ ಮಾಡಿ ಕೇಳತೈತಿ, ಖರೇ. ಆದ್ರ ಅದರ ಬುಡಕ ಇಲಿ ಭಾಳ ಆಗ್ಯಾವರಿ. ಇದಕ್ಕ ಯಾರು ಕಾರಣ ಅಂತೀರಿ?”

ಉತ್ತರವನ್ನು ಮನಸ್ಸಿನಲ್ಲೇ ಹೆಣೆಯತೊಡಗಿದೆ, ಪೀಠಿಕೆಯೂ ಹೊಳೆದಿತ್ತು. ಅಷ್ಟರಲ್ಲಿ ಬಾಗಿಲ ಬಳಿ ಸಪ್ಪಳವಾಯಿತು. ತಿರುಗಿ ನೋಡಿದರೆ ಸುವರ್ಣಾ ಚಪ್ಪಲಿ ಮೆಟ್ಟಿ, ಬಿಸಿಲಿಗೆ ಸೆರಗು ಹೊದ್ದು ನಿಂತಿದ್ದಳು.

“ನಾವ ಕಾರಣ ಅಂತ ಹೇಳ್ರಿ,” ಎಂದಳು. “ಯರಗಟ್ಟಿ ಬಸ್ ಹೊತ್ತಾತು, ನಡೀರಿ.”