ಪಡವಿನ ಅಜ್ಜನ ಮದುವೆ

ನನ್ನ ತಾಯಿ ಮದುವೆಯಾಗಿ ಕಾಪುವಿನ ನಮ್ಮ ಮನೆಗೆ ಬಂದ ಮೊದಲ ವಾರದಲ್ಲೇ ಒಂದು ಮಾತು ಕೇಳಬೇಕಾಯಿತು. ಅಡುಗೆಮನೆಯಲ್ಲಿ ಅಮ್ಮ ತೆಂಗಿನಕಾಯಿ ತುರಿಯುತ್ತ ಕೂತಿದ್ದಾಗ ನನ್ನ ದೊಡ್ಡ ಸೋದರತ್ತೆ ನಾಲ್ಕು ಹೆಂಗಸರ ಎದುರಿಗೇ, "ಇವಳು ಪಡವಿನವನ ಕುಲದವಳು. ಇವಳ ಅಜ್ಜಿಯ ಅಜ್ಜಿಗೆ ಮಗು ಉಂಟು, ಮದುವೆ ಇಲ್ಲ" ಎಂದರಂತೆ. ಅಮ್ಮ ತಲೆ ತಗ್ಗಿಸಿ ತುರಿಯುತ್ತಲೇ ಇದ್ದರು.

ಕಥೆ ಇಷ್ಟು. ಬಹಳ ಹಿಂದೆ ಒಂದು ಪಡವು, ಅಂದರೆ ಹಾಯಿ ಹಡಗು, ಜ್ವರ ಬಂದ ಒಬ್ಬ ಬಿಳಿಯ ಬಡಗಿಯನ್ನು ಕಾಪುವಿನ ಕಡಲತೀರದಲ್ಲಿ ಇಳಿಸಿ ಹೋಯಿತು. ಅವನು ಬದುಕಿಕೊಂಡ. ಮೀನುಗಾರರ ದೋಣಿ ರಿಪೇರಿ ಮಾಡುತ್ತ ಇಲ್ಲೇ ಉಳಿದ. ಕಾರ್ಕಳದ ಕಡೆಯ ನಮ್ಮ ಕೊಂಕಣಿ ಕ್ರೈಸ್ತರ ಹುಡುಗಿಯೊಬ್ಬಳ ಜೊತೆ ಬಾಳಿದ. ಆಕೆ ಬಸುರಿಯಾಗಿದ್ದಾಗಲೇ ದೋಣಿ ಮಗುಚಿ ಸತ್ತ. ಆಕೆ ಹೆತ್ತ ಹೆಣ್ಣುಮಗು ನನ್ನ ತಾಯಿಯ ಅಜ್ಜಿಯ ತಾಯಿ. ಅವನು ಯಾವ ದೇಶದವನೆಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಒಬ್ಬರು ಪೋರ್ಚುಗೀಸ್ ಎಂದರು, ಇನ್ನೊಬ್ಬರು ಫ್ರೆಂಚ್ ಎಂದರು. ಮದುವೆ ಆಗಿರಲಿಲ್ಲ ಎಂಬ ವಿಷಯದಲ್ಲಿ ಮಾತ್ರ ಎಲ್ಲರದೂ ಒಂದೇ ಮಾತು.

ನಾನು ಮಣಿಪಾಲದ ಒಂದು ಕಾಲೇಜಿನ ಲೈಬ್ರರಿಯಲ್ಲಿ ಮೂವತ್ತೆರಡು ವರ್ಷ ಕೆಲಸ ಮಾಡಿದವಳು. ಹುಳ ತಿಂದ ಕಾಗದ, ಮಸುಕಾದ ಶಾಯಿ ನನಗೆ ಹೊಸದಲ್ಲ. ನಿವೃತ್ತಿಯಾದ ವರ್ಷ ಅಮ್ಮನಿಗೆ ಎಂಬತ್ತನಾಲ್ಕು. ಒಂದು ದಿನ ಊಟ ಮಾಡುತ್ತ, "ಬಾಯೇ, ಊರಿನವರ ಪುಸ್ತಕವೆಲ್ಲ ಹುಡುಕಿ ಕೊಟ್ಟೆ. ನನ್ನದೊಂದು ಹುಡುಕಿ ಕೊಡ್ತೀಯಾ?" ಎಂದರು. ಆ ಅಜ್ಜಿಯ ಮದುವೆಯ ದಾಖಲೆ ಎಂದು ಕೇಳದೆಯೇ ಗೊತ್ತಾಯಿತು.

ನನ್ನ ಸೋದರಮಾವ ಹಿಂದೊಮ್ಮೆ ಕಾರ್ಕಳದ ಕಡೆ ಆ ಅಜ್ಜಿಯ ಊರಿನ ಇಗರ್ಜಿಗೆ, ಅಂದರೆ ಚರ್ಚಿಗೆ, ಹೋಗಿ ಮದುವೆ ಪುಸ್ತಕ ನೋಡಿ ಬಂದಿದ್ದರು. ಆ ಅಜ್ಜಿಯ ಹೆಸರಿನ ಹುಡುಗಿಯೊಬ್ಬಳ ಮದುವೆ ಅದರಲ್ಲಿತ್ತಂತೆ. ಆದರೆ ವರ 'ಕೆನರಾ'ದವನು, ಅಂದರೆ ನಮ್ಮದೇ ಜಿಲ್ಲೆಯ ಯಾವನೋ. ಹಾಗಾಗಿ ಅವಳು ಬೇರೆ ಯಾರೋ ಎಂದು, ಮುಂದಿನ ಲ್ಯಾಟಿನ್ ಓದಲು ಬಾರದೆ, ಪುಸ್ತಕ ಮುಚ್ಚಿ ಬಂದಿದ್ದರು.

ನಾನು ಹೋದಾಗ ಪಾದ್ರಿಗಳು ಕಬ್ಬಿಣದ ಕಪಾಟು ತೆರೆದು ಅದೇ ಪುಸ್ತಕ ಕೊಟ್ಟರು. ಜೊತೆಗೆ ಲ್ಯಾಟಿನ್ ಬಲ್ಲ ಒಬ್ಬ ನಿವೃತ್ತ ಪಾದ್ರಿಯನ್ನೂ ಕೂರಿಸಿದರು. ಮೂರನೆಯ ದಿನ ಆ ಪುಟ ಸಿಕ್ಕಿತು. ನನಗೆ ಮೊದಲು ಹೊಳೆದದ್ದು ಒಂದು ಸಣ್ಣ ಸಂಶಯ. ಅದೇ ಪುಟದಲ್ಲಿ ಉಳಿದ ವರರೆಲ್ಲ ಇಂಥ ಇಗರ್ಜಿಯವನು, ಇಂಥ ಊರಿನವನು ಎಂದು ಇತ್ತು. ಕೆನರಾದಲ್ಲೇ ಕೂತು ಒಬ್ಬನನ್ನು ಮಾತ್ರ ಕೆನರಾದವನು ಎಂದು ಯಾಕೆ ಬರೆಯುತ್ತಾರೆ?

ಭೂತಗನ್ನಡಿ ಹಿಡಿದು ಆ ಕೈಬರಹದ ಒಂದೊಂದೇ ಅಕ್ಷರ ನೋಡಿದೆ. ಬರೆದವರ 'r', ಅಂದರೆ 'ರ', ಎಲ್ಲ ಕಡೆ ಸಣ್ಣದು, ಗೆರೆಯೊಳಗೇ ಕೂರುವಂಥದ್ದು. ಈ ಪದದ ಅಕ್ಷರಕ್ಕೆ ಮಾತ್ರ ಮೇಲೆ ಒಂದು ಬಾಲ. ಶಾಯಿ ಹಾರಿ ಅದು ಅರ್ಧ ಮಾಸಿತ್ತು.

"ಫಾದರ್, ಇದು 'ರ' ಅಲ್ಲ. 'ಡ'."

ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಬಗ್ಗಿದರು. ಬೆರಳು ಮುಂದಿನ ಪದಗಳ ಮೇಲೆ ಸರಿಯಿತು. "ಕೆನಡಾ," ಎಂದರು. "ಕೆನಡಾದ ಕ್ವಿಬೆಕ್‌ನವನು. ಕಸುಬು ಹಡಗಿನ ಬಡಗಿ. ಅಪ್ಪನ ಹೆಸರು ಉಂಟು, ಅಮ್ಮನ ಹೆಸರು ಉಂಟು. ಇಬ್ಬರು ಸಾಕ್ಷಿ ಉಂಟು. ಇದು ಇಗರ್ಜಿಯೊಳಗೆ, ಮೂರು ಸಲ ಸಾರಿ ಹೇಳಿ, ಎಲ್ಲರ ಎದುರು ಆದ ಮದುವೆ ಮಾರಾಯ್ತಿ!"

ನಾನು ಅಲ್ಲೇ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ಆಮೇಲೆ ಫೋಟೊ ತೆಗೆದುಕೊಂಡೆ.

ಮನೆಗೆ ಬಂದು ಹೇಳಿದಾಗ ಅಮ್ಮ ಹಿಗ್ಗಲಿಲ್ಲ, ಅಳಲೂ ಇಲ್ಲ. ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದು ಉಟ್ಟುಕೊಂಡರು. "ಕಾರು ತೆಗೆ. ಮಟ್ಟುವಿಗೆ ಹೋಗಬೇಕು. ನಿನ್ನ ಅತ್ತೆ ಅಲ್ಲಿ ಇದ್ದಾರಲ್ಲ," ಎಂದರು.

ಸೋದರತ್ತೆಗೆ ಆಗ ತೊಂಬತ್ತರ ಮೇಲೆ. ಮಗನ ಮನೆಯ ಜಗಲಿಯಲ್ಲಿ ಕುರ್ಚಿ ಹಾಕಿ ಕೂತಿದ್ದರು. ಅಮ್ಮ ಆ ಪುಟದ ಫೋಟೊ ಅಚ್ಚು ಹಾಕಿಸಿದ ಕಾಗದವನ್ನು ಅವರ ಮಡಿಲಲ್ಲಿಟ್ಟರು. ಲ್ಯಾಟಿನ್ ಸಾಲಿನ ಕೆಳಗೆ ನಾನು ಅದರ ಅರ್ಥವನ್ನು ಕೊಂಕಣಿಯಲ್ಲಿ ದೊಡ್ಡದಾಗಿ ಬರೆದಿದ್ದೆ. ಅತ್ತೆ ಎರಡು ಸಲ ಓದಿದರು. ಅವರ ತುಟಿ ಅಲುಗುತ್ತಿತ್ತು.

"ಅವತ್ತು ನಾನು ಹೇಳಿದ್ದು ನಿನಗೆ ಇನ್ನೂ ನೆನಪು ಉಂಟಾ?" ಎಂದು ಕೇಳಿದರು.

"ಉಂಟು," ಎಂದರು ಅಮ್ಮ.

ಅತ್ತೆ ಸೊಸೆಯನ್ನು ಕರೆದು ಫೋನ್ ತರಿಸಿದರು. "ನಾನು ಹೇಳಿ ಹಬ್ಬಿಸಿದ ಮಾತು. ನಾನೇ ತೆಗೀತೇನೆ," ಎಂದು ಉಡುಪಿಯಲ್ಲಿದ್ದ ತಂಗಿಯಿಂದ ಹಿಡಿದು ಮುಂಬೈಯ ಮೊಮ್ಮಗಳವರೆಗೆ ಒಬ್ಬೊಬ್ಬರಿಗೂ ಕರೆ ಮಾಡಿಸಿ, ಪಡವಿನ ಅಜ್ಜನಿಗೆ ಮದುವೆ ಆಗಿತ್ತೆಂದು ತಾವೇ ಹೇಳಿದರು. ಕೊನೆಕೊನೆಗೆ ಸ್ವರ ಸೋತುಹೋಗಿತ್ತು. ನಡುನಡುವೆ ಅಮ್ಮ ನೀರು ಕುಡಿಸಿದರು. ಅಂದು ಅಲ್ಲೇ ಆ ಊರಿನ ಬದನೆ ಮಟ್ಟುಗುಳ್ಳದ ಸಾಂಬಾರಿನ ಊಟ. ಇಬ್ಬರೂ ಅಕ್ಕಪಕ್ಕ ಕೂತು ಉಂಡರು.

ನಾನು ಅಲ್ಲಿಗೆ ನಿಲ್ಲಿಸಲಿಲ್ಲ. ಕ್ವಿಬೆಕ್‌ನಲ್ಲಿ ವಂಶಾವಳಿ ಹುಡುಕುವ ಒಂದು ಸಣ್ಣ ಬಳಗಕ್ಕೆ ಅಜ್ಜನ ತಂದೆತಾಯಿಯ ಹೆಸರು ಕಳಿಸಿದೆ. ಅಲ್ಲಿಯ ಇಗರ್ಜಿಗಳು ಹುಟ್ಟಿದ ಮಗುವಿಗೆ ಮಾಡುವ ಜ್ಞಾನಸ್ನಾನ, ಮದುವೆ, ಮರಣ ಎಲ್ಲವನ್ನೂ ಮೊದಲಿನಿಂದ ಬರೆದಿಟ್ಟಿವೆಯಂತೆ. ಐದು ವಾರದ ನಂತರ ಆ ಬಳಗದ ಮಹಿಳೆಯೊಬ್ಬರು ಉತ್ತರಿಸಿದರು. ಬಡಗಿಯ ಜ್ಞಾನಸ್ನಾನದ ಸಾಲು ಸಿಕ್ಕಿತ್ತು. ಅದರ ಮುಂದೆ ಅವನ ವಿಷಯ ಒಂದು ಅಕ್ಷರವೂ ಇರಲಿಲ್ಲ. 'ನಮ್ಮ ಪಟ್ಟಿಯಲ್ಲಿ ಇವರು ಕಡಲಿಗೆ ಹೋಗಿ ಕಾಣೆಯಾದವರು. ನೀವು ಹುಡುಕಿ ಕೊಟ್ಟಿರಿ' ಎಂದು ಬರೆದಿದ್ದರು. ಅಜ್ಜನಿಂದ ಹಿಂದಕ್ಕೆ ಎಣಿಸಿದರೆ ಆರು ತಲೆಮಾರು ದಾಟಿ, ಫ್ರಾನ್ಸಿನಿಂದ ಆ ಹೊಸ ವಸಾಹತಿಗೆ ಹಡಗು ಹತ್ತಿ ಬಂದು, ನದಿಯ ದಂಡೆಯಲ್ಲಿ ಜಮೀನು ಪಡೆದ ಆ ವಂಶದ ಮೊದಲ ಮನುಷ್ಯ ಸಿಗುತ್ತಾನೆ. ಅವನೂ ಬಡಗಿ.

ಅಮ್ಮ ಎಲ್ಲ ಕೇಳಿಸಿಕೊಂಡು, "ಜಮೀನು ಪಡೆದ ಅಂದರೆ, ಮೊದಲು ಅದು ಯಾರದ್ದು?" ಎಂದರು. ನಾನು ಅದನ್ನೂ ಬರೆದು ಕೇಳಿದೆ. ಅಲ್ಲಿಯ ಮೂಲನಿವಾಸಿಗಳದ್ದು, ಅವರನ್ನು ಯಾರೂ ಕೇಳಲಿಲ್ಲ ಎಂದು ಆ ಮಹಿಳೆ ಮುಚ್ಚುಮರೆಯಿಲ್ಲದೆ ಉತ್ತರಿಸಿದರು. ನಾನು ಬರೆಯುತ್ತಿರುವ ಮನೆತನದ ಪುಸ್ತಕದಲ್ಲಿ ಅದನ್ನೂ ಸೇರಿಸಬೇಕೆಂದು ಅಮ್ಮ ಹಟ ಹಿಡಿದರು. ಸೇರಿಸಿದ್ದೇನೆ.

ಕಳೆದ ಈಸ್ಟರ್ ಸಂಜೆ ಅಜ್ಜನ ಅಣ್ಣನ ಸಂತತಿಯ ಒಬ್ಬರು ರೈತರು ವಿಡಿಯೊ ಕರೆಯಲ್ಲಿ ಬಂದರು. ಅಲ್ಲಿ ಬೆಳಿಗ್ಗೆ, ಕಿಟಕಿಯ ಹೊರಗೆ ಹಿಮ. ನಮ್ಮ ಮನೆಯಲ್ಲಿ ಇಪ್ಪತ್ತಾರು ಜನ ಒಂದು ಫೋನಿನ ಸುತ್ತ. ಆ ಕಡೆ ಮನೆಯವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಈ ಕಡೆ ನಮ್ಮ ಮಕ್ಕಳು ಕೂಗಿ ಕುಣಿದರು. ಆ ರೈತರು ಫ್ರೆಂಚಿನಲ್ಲಿ ಹೇಳಿದ್ದನ್ನು ಅವರ ಮಗಳು ಇಂಗ್ಲಿಷಿಗೆ ತಂದಳು. ಮುಂದಿನ ವರ್ಷ ಕಾಪುವಿಗೆ ಬರಬಹುದೇ ಎಂದು ಅವರು ಕೇಳಿದ್ದರು.

ನಾನು ಕೊಂಕಣಿಯಲ್ಲಿ ಅಮ್ಮನಿಗೆ ತಿಳಿಸಿದೆ. ಅಮ್ಮ ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡು ಮುಖದ ಹತ್ತಿರ ಹಿಡಿದು, "ಬರಲಿ, ಬರಲಿ! ಮೊದಲು ಕೇಳು ಬಾಯೇ, ಮೀನು ತಿನ್ನುತ್ತಾರಾ ಅಂತ!" ಎಂದು ಕೂಗಿದರು.