ಬಾಯ್ಲರ್ ಮುಂದೆ ಇಬ್ಬರು ಯಜಮಾನರು

ಕೆ.ಆರ್. ಪುರಂನಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯೊಂದರ ಬಾಯ್ಲರ್ ನೋಡಿಕೊಳ್ಳುತ್ತಿದ್ದೆ. ಅಲ್ಲಿನ ಎಂಡಿ ಹೇಳಿದ್ದನ್ನು ಅವರ ಭಾವಮೈದ, ಡೈರೆಕ್ಟರು, ತಪ್ಪದೆ ರದ್ದು ಮಾಡೋರು.

ಒಂದು ಮಧ್ಯಾಹ್ನ ಹೆಚ್ಚಾದ ಹಬೆ ಹೊರಬಿಡುವ ಸೇಫ್ಟಿ ವಾಲ್ವ್ ಕಚ್ಚಿಕೊಂಡು ಒತ್ತಡ ಏರತೊಡಗಿತು. ಎಂಡಿಗೆ ಫೋನ್ ಮಾಡಿದೆ.

"ನಿಲ್ಸಿಬಿಡ್ರೀ," ಅಂದರು.

ಅಷ್ಟರಲ್ಲಿ ಡೈರೆಕ್ಟರೇ ಒಳಗೆ ಬಂದರು. "ಎಕ್ಸ್‌ಪೋರ್ಟ್ ಮಾಲು ಇವತ್ತೇ ಹೋಗ್ಬೇಕು. ನಿಲ್ಸಿದ್ರೆ ನಾಳೆಯಿಂದ ಬರ್ಬೇಡಿ."

"ಸಾರ್, ಇದು ಸಿಡಿಯುತ್ತೆ."

"ಹಾಗಂತ ಎಂಡಿ ಹೇಳ್ಕೊಟ್ರಾ?"

ಒತ್ತಡದ ಮೀಟರಿನ ಮುಳ್ಳು ಕೆಂಪು ಗೆರೆ ದಾಟಿತ್ತು. ಗೋಡೆಯಾಚೆ ಹೆಂಗಸರು ಬಟ್ಟೆ ಮಡಚುತ್ತಿದ್ದರು. ಡೈರೆಕ್ಟರನ್ನು ಪಕ್ಕಕ್ಕೆ ತಳ್ಳಿ ಬರ್ನರ್ ಆಫ್ ಮಾಡಿದೆ.

ಯಾರಿಗೂ ಏನೂ ಆಗಲಿಲ್ಲ, ಆರ್ಡರ್ ಮಾತ್ರ ಕೈತಪ್ಪಿತು. ನಿಲ್ಲಿಸಲು ಹೇಳಿದ್ದು ಎಂಡಿಗೆ ನೆನಪೇ ಇರಲಿಲ್ಲ. ನನ್ನನ್ನು ಸಸ್ಪೆಂಡ್ ಮಾಡಿದರು. ಅವರಿಬ್ಬರೂ ಒಂದೇ ಕಾಗದಕ್ಕೆ ಸಹಿ ಹಾಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.